ಗುರುತು ಹಿಡಿಯುವ ಕಾರು

ತಮಿಳುನಾಡಿನ ಕಂಬಮ್ಮಿನ ದ್ರಾಕ್ಷಿ ವ್ಯಾಪಾರಿ ಬಾಲಮುರುಗನ್ ಹೊಸ ಕಾರು ಕೊಂಡದ್ದರಿಂದ ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ. ತೊಂದರೆ ಶುರುವಾದದ್ದು ಅವನು ಆ ಕಾರಿನ ಬಗ್ಗೆ ಮಾತಾಡತೊಡಗಿದ ಮೇಲೆ.

"ಈ ವಂಡಿಗೆ ಸಾವೀನೇ ಇಲ್ಲ," ಎಂದು ಅವನು ಟೀ ಅಂಗಡಿಯ ಮುಂದೆ ನಿಂತು ಸಾರಿದ. ಕೀಲಿಗೆ ಆ ಕಡೆ ಸಾವಿ ಅನ್ನುತ್ತಾರೆ, ಗಾಡಿಗೆ ವಂಡಿ. "ನನ್ ಬೆರಳ ಗುರ್ತು ಅದಕ್ಕೆ ಐತೆ. ನಾನು ಗುಂಡಿ ಒತ್ತಿದ್ರೆ ಏಳ್ತೈತೆ. ಇನ್ನಾರು ಒತ್ತಿದ್ರೂ ಮಿಸುಕಾಡಲ್ಲ."

ಬೇರೆ ಯಾರನ್ನೂ ಒತ್ತಲು ಅವನು ಬಿಡಲಿಲ್ಲವಾದ್ದರಿಂದ ಈ ಮಾತನ್ನು ಸುಳ್ಳೆನ್ನಲು ಯಾರಿಗೂ ಆಧಾರ ಸಿಗಲಿಲ್ಲ. ಪಾಪ, ಅವನು ಸುಳ್ಳು ಹೇಳುತ್ತಲೂ ಇರಲಿಲ್ಲ. ಶೋರೂಮಿನವನು "ಕೀಲಿ ಹಾಕಿ ತಿರುಗಿಸೋ ಕೆಲಸವೇ ಇಲ್ಲ ಸಾರ್, ಗುಂಡಿ ಒತ್ತಿ ಹೊರಡಿ" ಎಂದು ವಿವರಣೆ ಶುರು ಮಾಡಿದಾಗ ಬಾಲಮುರುಗನ್‌ಗೆ ದ್ರಾಕ್ಷಿ ಲಾರಿಯವನ ಫೋನು ಬಂದಿತ್ತು. ಉಳಿದ ವಿವರಣೆಯನ್ನು ಶೋರೂಮಿನ ಗೋಡೆ ಕೇಳಿಸಿಕೊಂಡಿತು. ಕೊನೆಯಲ್ಲಿ ಕೈಗಿಟ್ಟ ಎರಡು ಕಪ್ಪು ಸಾಮಾನುಗಳಲ್ಲಿ ಒಂದನ್ನು ಇವನು ಬೀದಿಯಲ್ಲಿ ಒತ್ತಿ ನೋಡಿದ. ಕಾರು ಕಿರುಚಿಕೊಂಡಿತು, ಮೂರು ಮನೆಯವರು ಹೊರಗೆ ಓಡಿ ಬಂದರು. ಓಹೋ, ಇದು ಕಳ್ಳರನ್ನು ಹೆದರಿಸುವ ಸಾಮಾನು ಎಂದು ತೀರ್ಮಾನಿಸಿ ಜೋಪಾನವಾಗಿಡಲು ತಾಯಿಯ ಕೈಗೆ ಕೊಟ್ಟ.

ತಾಯಿ ಕರುಪ್ಪಾಯಿಯ ಕೈಗೆ ಕೊಟ್ಟದ್ದು ಹೋಗುವುದು ಒಂದೇ ಕಡೆಗೆ, ಸೊಂಟಕ್ಕೆ ಸಿಕ್ಕಿಸಿದ ಸುರುಕುಪೈಗೆ. ದಾರ ಎಳೆದರೆ ಬಾಯಿ ಮುಚ್ಚುವ ಆ ಬಟ್ಟೆಯ ಚೀಲದಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿ, ಮತ್ತು ಮನೆಯಲ್ಲಿ ತೆಗೆದು ಮುಚ್ಚುವಂಥದು ಏನೇನಿದೆಯೋ ಅದೆಲ್ಲದರ ಕೀಲಿ. ಕನ್ನಡ ಸೀಮೆಯಿಂದ ಬಂದು ಈ ಕಣಿವೆಯಲ್ಲಿ ಬೇಸಾಯಕ್ಕೆ ನಿಂತ ಅವರ ಜನ ನೂರಾರು ವರ್ಷಗಳಲ್ಲಿ ಏನೇನೋ ಬಿಟ್ಟಿದ್ದರು, ಮನೆಯ ಹಿರಿ ಹೆಂಗಸಿನ ಸೊಂಟದಲ್ಲೇ ಕೀಲಿ ಇರಬೇಕೆಂಬುದನ್ನು ಮಾತ್ರ ಬಿಟ್ಟಿರಲಿಲ್ಲ. ಆ ಚೀಲಕ್ಕೆ ಇನ್ನೊಬ್ಬರು ಕೈ ಹಾಕುವ ಪದ್ಧತಿ ಇಲ್ಲ. ಎರಡನೆಯ ಕಪ್ಪು ಸಾಮಾನು ಮನೆಯ ಬೀರುವಿನಲ್ಲಿ ಭದ್ರವಾಗಿತ್ತು. ಬೀರುವಿನ ಕೀಲಿಯೂ ಸುರುಕುಪೈಯಲ್ಲೇ ಇತ್ತು.

ಕಾರು ಬಂದಂದಿನಿಂದ ಕರುಪ್ಪಾಯಿ ಮುಂದಿನ ಸೀಟು ಬಿಟ್ಟಿಳಿದಿರಲಿಲ್ಲ. ಮಗ ಟೀ ಕುಡಿಯಲು ಹೊರಟರೂ ಅವಳು ಹತ್ತಿ ಕೂರುತ್ತಿದ್ದಳು. ಹಾಗಾಗಿ ಕಾರಿನ ಜಾಣತನಕ್ಕೆ ಒಂದು ದಿನವೂ ಕುಂದು ಬರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಬಾಲಮುರುಗನ್ ದಿಂಡುಕ್ಕಲ್‌ಗೂ ಹೋಗಿ ತನ್ನ ತಂಗಿ ಮಣಿಮೇಗಲೈಯ ಗಂಡ ಸೇಕರ್‌ಗೆ ಕಾರು ತೋರಿಸಿದ. ಇವನಿಗೆ ಅವನು ಮಾಪಿಳ್ಳೆ, ಅವನಿಗೆ ಇವನು ಮಚ್ಚಾನ್. ಸೇಕರ್ ಬೀಗದ ವ್ಯಾಪಾರಿ. ಅವನ ಅಪ್ಪ ಬೀಗ ಮಾರಿದವನು, ಅಜ್ಜ ಅರ ಹಿಡಿದು ಬೀಗ ಮಾಡಿದವನು.

"ಮಾಪಿಳ್ಳೆ, ಬೀಗ ಸಾವಿ ಕಾಲವೆಲ್ಲ ಮುಗ್ದೋತು," ಎಂದ ಬಾಲಮುರುಗನ್, ಅಂಗಡಿಯ ಗಿರಾಕಿಗಳಿಗೂ ಕೇಳುವಷ್ಟು ಜೋರಾಗಿ. "ನೀ ಇನ್ನೇನಾದ್ರೂ ಮಾರು. ಬಲೂನು ಮಾರು."

ಸೇಕರ್ ಸಿಟ್ಟಾಗಲಿಲ್ಲ. ಬೀಗದವರು ಬಾಯಿ ಬೇಗ ತೆರೆಯುವುದಿಲ್ಲ. ಕೈಯಲ್ಲಿದ್ದ ಬೀಗವನ್ನು ಟಕ್ಕೆಂದು ಮುಚ್ಚಿ ಅಷ್ಟೇ ಹೇಳಿದ: "ಶುಕ್ರವಾರ ನನ್ ಮಗಳು ಜನನಿಗೆ ಕಿವಿ ಚುಚ್ಚಾದು. ಹತ್ತೂವರೆಗೆ ರಾಹುಕಾಲ. ಅಷ್ಟ್ರೊಳಗೆ ನಿನ್ ಮಡ್ಲು ಬರ್ಲಿಲ್ಲ ಅಂದ್ರೆ ಮುತ್ತುಕುಮಾರ್ ಮಡ್ಲು ಐತೆ, ಮಚ್ಚಾನ್."

ಈ ಮಾತಿನ ಪೆಟ್ಟು ಎಂಥದ್ದೆಂದು ತಿಳಿಯಬೇಕಾದರೆ ಅವರ ರಿವಾಜು ತಿಳಿಯಬೇಕು. ಮಗುವಿನ ಕಿವಿ ಚುಚ್ಚುವುದು ತಾಯಿಯ ಅಣ್ಣತಮ್ಮಂದಿರ ಮಡಿಲಲ್ಲಿ. ಆ ಮಡಿಲಲ್ಲಿ ಕೂತವಳಿಗೆ ಅವನೇ ಮಾಮ, ಮುಂದೆ ಅವಳ ಮದುವೆಯ ಚಪ್ಪರದಲ್ಲೂ ಮಾಲೆ ಅವನ ಕೊರಳಿಗೇ. ಮುತ್ತುಕುಮಾರ್ ಬಾಲಮುರುಗನ್‌ನ ಚಿಕ್ಕಪ್ಪನ ಮಗ, ಅವನೂ ದ್ರಾಕ್ಷಿ ವ್ಯಾಪಾರಿ. ಅವನ ಮಡಿಲು ಸದಾ ಖಾಲಿ, ಸದಾ ಸಿದ್ಧ. ಒಡಹುಟ್ಟಿದ ತಂಗಿಯ ಮಗುವಿನ ಮುಂದೆ ಮುತ್ತುಕುಮಾರ್ ಮಾಮನಾಗಿ ಕೂರುವುದನ್ನು ಬಾಲಮುರುಗನ್ ಕನಸಿನಲ್ಲೂ ಒಪ್ಪುವವನಲ್ಲ.

ಹಾಗಾಗಿ ಶುಕ್ರವಾರ ಕೋಳಿ ಕೂಗುವ ಮುಂಚೆಯೇ ಎದ್ದು, ಬಿಳಿ ಪಂಚೆ ಉಟ್ಟು, ಕಾರಿಗೆ ನಿಂಬೆಹಣ್ಣು ತುಳಿಸಿ ಹೊರಟ. ಮುಂದೆ ತಾಯಿ, ಹಿಂದೆ ಹೆಂಡತಿ ಅಭಿರಾಮಿ, ಅವಳ ಪಕ್ಕದಲ್ಲಿ ಸೀರೆ, ಬಳೆ, ಹಣ್ಣು, ಕಿವಿಯ ಓಲೆ ಇಟ್ಟ ತಟ್ಟೆಗಳು. ಉಳಿದ ನೆಂಟರೆಲ್ಲ ಮಣಿಕಂಡನ್ ಓಡಿಸುವ ಬಾಡಿಗೆ ವ್ಯಾನಿನಲ್ಲಿ ಹಿಂದೆ.

ಚಿನ್ನಮನೂರು ದಾಟುವಾಗ ಕರುಪ್ಪಾಯಿ ಎಲೆಗೆ ಸುಣ್ಣ ಹಚ್ಚಿದಳು.

"ಅವ್ವಾ, ಹೊಸ ವಂಡೀಲಿ ಎಲೆ ಬ್ಯಾಡ."

"ಅಗಿಯಾದು ನನ್ ಬಾಯಲ್ಲಿ, ವಂಡೀಲಲ್ಲ."

"ಉಗಿಯಾದು?"

"ಕಿಟಕಿ ಇಳ್ಸು."

"ಏಸಿ ಓಡ್ತಾ ಐತೆ. ಕಿಟಕಿ ಇಳ್ಸಂಗಿಲ್ಲ."

ಕರುಪ್ಪಾಯಿ ಬಾಯಿ ತುಂಬಿಕೊಂಡು ಮೌನವಾಗಿ ತೇನಿಯವರೆಗೂ ಕೂತಳು. ಅವಳ ಜೀವಮಾನದಲ್ಲಿ ಅಷ್ಟು ಹೊತ್ತು ಮಾತಿಲ್ಲದೆ ಕೂತದ್ದು ಅದೇ ಮೊದಲು. ತೇನಿಯಲ್ಲಿ ಅಭಿರಾಮಿ ಮಲ್ಲಿಗೆ ಕೊಳ್ಳಲು ಇಳಿದಳು. ಏಸಿ ತಣ್ಣಗಿರಲೆಂದು ಬಾಲಮುರುಗನ್ ಇಂಜಿನ್ ನಿಲ್ಲಿಸಲಿಲ್ಲ. ಆ ಗಳಿಗೆಯಲ್ಲಿ ಕರುಪ್ಪಾಯಿ ಬಾಗಿಲು ತೆಗೆದು ಇಳಿದು ಚರಂಡಿಗೆ ಉಗಿದಳು. ಬಾಯಿ ಬಿಡುವಾದದ್ದೇ ಹೇಳಿದಳು: "ನಾ ವ್ಯಾನಲ್ಲಿ ಬತ್ತೀನಿ. ಅದ್ರಲ್ಲಿ ಕಿಟಕಿ ಐತೆ. ಆಂಡಿಪಟ್ಟೀಲಿ ನಮ್ಮಕ್ಕನ್ನೂ ಹತ್ತಿಸ್ಕಂಡು ಬತ್ತೀವಿ. ನಿನ್ ಕಾರು ನೀನೇ ಮಡಿಕ್ಕೊ."

ಅವಳು ಹೋಗುತ್ತಿದ್ದ ಹಾಗೆ ಕಾರು ಕೀಂ ಕೀಂ ಎಂದಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಮೂಡಿತು.

"ಅವ್ವ ಬೆಲ್ಟ್ ಬಿಚ್ಚಿದ್ಲಲ್ಲ, ಅದ್ಕೆ ಬೇಜಾರು," ಎಂದು ಬಾಲಮುರುಗನ್, ಹೂ ಕೊಂಡು ಬಂದ ಅಭಿರಾಮಿಗೆ ಕಾರಿನ ಪರವಾಗಿ ವಿವರಿಸಿದ. ವ್ಯಾನು ಆಂಡಿಪಟ್ಟಿಯ ಕಡೆ ತಿರುಗಿತು. ಇವನು ಪೆರಿಯಕುಳದ ಕಡೆ ತಿರುಗಿದ.

ಮಲ್ಲಿಗೆ ಮುಡಿದು ಮುಂದಿನ ಸೀಟಿಗೆ ಬಂದು ಕೂತಿದ್ದ ಅಭಿರಾಮಿ ಬಿ.ಕಾಂ. ಓದಿದವಳು. ಅವಳು ಪರದೆಯನ್ನು ಓದಿದಳು. ಮತ್ತೊಮ್ಮೆ ಓದಿದಳು.

"ಏನಂಗ, ಸಾವಿ ವಂಡೀಲಿಲ್ಲ ಅಂತ ಬರ್ದೈತೆ."

"ಈ ವಂಡಿಗೆ ಸಾವೀನೇ ಇಲ್ಲ. ಅದ್ನೇ ಹೇಳ್ತೈತೆ. ಎಷ್ಟು ನಿಜ ಹೇಳ್ತೈತೆ ನೋಡು."

ಅಭಿರಾಮಿ ಕಾರಿನ ಪುಸ್ತಕವನ್ನು ಡಬ್ಬಿಯಿಂದ ತೆಗೆದು ಓದತೊಡಗಿದಳು. ಗಂಡ ಕೊಂಡ ವಸ್ತುವಿನ ಪುಸ್ತಕವನ್ನು ಹೆಂಡತಿ ಓದತೊಡಗಿದರೆ ಅದು ಒಳ್ಳೆಯ ಸೂಚನೆಯಲ್ಲ. ಮಾವಿನ ತೋಪುಗಳು ಹಿಂದೆ ಸರಿದವು. ಅವಳು ಪುಸ್ತಕ ಮುಚ್ಚಿದಳು.

"ಅತ್ತೆ ಸುರುಕುಪೈಯಲ್ಲಿ ಇರ ಕರಿ ಸಾಮಾನೇ ಸಾವಿ. ಅದು ಹತ್ರ ಇದ್ರೆ ಮಾತ್ರ ಗುಂಡಿ ಕೆಲ್ಸ ಮಾಡಾದು. ಈಗ ಓಡ್ತಿರೋದು ಓಡ್ತೈತೆ. ಒಂದ್ಸಲ ಆಫ್ ಮಾಡಿದ್ರೆ ಮತ್ತೆ ಏಳಲ್ಲ."

"ನನ್ ಬೆರಳು?"

"ನಿಮ್ ಬೆರಳ ಗುರ್ತು ಅದಕ್ಕಿಲ್ಲ."

ಬಾಲಮುರುಗನ್ ಗಾಬರಿಯಲ್ಲಿ ಬ್ರೇಕ್ ತುಳಿದ, ತುಳಿದದ್ದಕ್ಕೆ ಗಾಬರಿಯಾಗಿ ಬಿಟ್ಟ. ಕಾರು ಒಮ್ಮೆ ಕುಲುಕಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನಿನಲ್ಲೇ ಬೈದ.

ಅಭಿರಾಮಿ ಅತ್ತೆಗೆ ಫೋನು ಹಚ್ಚಿದಳು. ಹಿಂದಿನ ಸೀಟಿನ ಹಳದಿ ಚೀಲದೊಳಗೆ ಫೋನು ಭಕ್ತಿಗೀತೆ ಹಾಡಿತು. ಕರುಪ್ಪಾಯಿ ಚೀಲ ಬಿಟ್ಟು ಇಳಿದಿದ್ದಳು. ಮಣಿಕಂಡನ್‌ಗೆ ಹಚ್ಚಿದರೆ ಬಹಳ ಹೊತ್ತಿನ ಮೇಲೆ, ಗಟ್ಟಿಯಾದ ಸಿನಿಮಾ ಹಾಡಿನ ನಡುವೆ ಅವನ ದನಿ ಬಂತು.

"ಅಣ್ಣೆ, ಆಂಡಿಪಟ್ಟೀಲಿದೀವಿ. ನಿಮ್ ದೊಡ್ಡವ್ವ ಇನ್ನೂ ಸೀರೆ ಉಡ್ತಾ ಐತೆ. ಪಾಟಿ, ನಿಮ್ಮವ್ವ, ವ್ಯಾನಲ್ಲೇ ಮಲಗೈತೆ."

"ಅವ್ವನ ಸುರುಕುಪೈಯಲ್ಲಿ ಕರಿ ಸಾಮಾನು ಐತಾ ನೋಡೋ!"

"ಪಾಟಿ ಸೊಂಟಕ್ಕೆ ನಾ ಕೈ ಹಾಕ್ಲಾ ಅಣ್ಣೆ? ನಂಗೂ ಪೊಂಡಾಟಿ ಮಕ್ಳು ಐತೆ," ಎಂದು ಮಣಿಕಂಡನ್ ಗಾಬರಿಯಿಂದ ಫೋನಿಟ್ಟ.

ವ್ಯಾನಿಗೆ ಕಾದು ನಿಂತರೆ ರಾಹುಕಾಲ ಬಂದುಬಿಡುತ್ತದೆ. ಕಾದು ನಿಲ್ಲದಿದ್ದರೆ ಇಂಜಿನ್ ಎಲ್ಲೂ ಆರಿಸುವ ಹಾಗಿಲ್ಲ. ಹೀಗೆ ಯೋಚಿಸುತ್ತಿರುವಾಗ ಪೆಟ್ರೋಲಿನ ಮುಳ್ಳು ತಳಕ್ಕೆ ಬಂದಿರುವುದು ಕಣ್ಣಿಗೆ ಬಿತ್ತು. ದಾರಿಯಲ್ಲಿ ಹಾಕಿಸಿದರಾಯಿತೆಂದು ಹೊರಟಿದ್ದ. ದಾರಿಯಲ್ಲಿ ಬಂಕೂ ಬಂತು.

"ಆಫ್ ಮಾಡಿ ಸಾರ್," ಎಂದಳು ಬಂಕಿನ ಹೆಂಗಸು ತಮಿಳಿನಲ್ಲಿ.

"ಹಾಗೇ ಹಾಕಮ್ಮ, ಪರವಾಗಿಲ್ಲ."

"ನಿಮಗೆ ಪರವಾಗಿಲ್ಲ ಸಾರ್. ಬೆಂಕಿ ಹತ್ತಿದ್ರೆ ಬಂಕು ಯಾರ್ದು?"

"ಆಫ್ ಮಾಡಿದ್ರೆ ಸ್ಟಾರ್ಟ್ ಆಗಲ್ಲಮ್ಮ."

"ಬ್ಯಾಟರಿಯಾ?"

"ಬ್ಯಾಟರಿ ಅಲ್ಲ. ಸಾವಿ ಇಲ್ಲ."

ಬಂಕಿನ ಹೆಂಗಸು ಪೈಪನ್ನು ಮೆಲ್ಲನೆ ಸ್ವಸ್ಥಾನಕ್ಕೆ ಸಿಕ್ಕಿಸಿದಳು. ಮ್ಯಾನೇಜರು ಹೊರಗೆ ಬಂದ. ಚಕ್ರಕ್ಕೆ ಗಾಳಿ ತುಂಬುವವನು ಬಂದ. ಟ್ರ್ಯಾಕ್ಟರಿನವನು ಇಳಿದು ಕಾರಿನ ನಂಬರನ್ನು ಜೋರಾಗಿ ಓದಿದ. ಕೀಲಿಯಿಲ್ಲದೆ ಓಡುತ್ತಿರುವ ಹೊಸ ಕಾರು, ಬೆವರುತ್ತಿರುವ ಗಂಡಸು, ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆ, ಚಿನ್ನ. ನೋಡಿದವರು ಏನು ತಿಳಿಯಬೇಕೋ ಅದನ್ನೇ ತಿಳಿದರು.

"ಹೆಂಗಸೂ ಜೊತೇಲಿದಾಳೆ," ಎಂದು ಗಾಳಿಯವನು ಪಿಸುಗುಟ್ಟಿದ.

ಬಾಲಮುರುಗನ್ ಪೆಟ್ರೋಲಿನ ಆಸೆ ಬಿಟ್ಟು ಹೊರಟ. ಹೊರಟ ರಭಸವೂ ಅವನ ಮರ್ಯಾದೆಗೆ ಒಳ್ಳೆಯದು ಮಾಡಲಿಲ್ಲ. ಪೆಟ್ರೋಲು ಉಳಿಸಲು ಏಸಿ ನಿಲ್ಲಿಸಿದ, ನಾಲ್ಕೂ ಕಿಟಕಿ ಇಳಿಸಿದ. ಅಭಿರಾಮಿ ಆ ಕಿಟಕಿಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಮಲ್ಲಿಗೆ ಹಾರದಂತೆ ತಲೆಗೆ ಸೆರಗು ಹೊದ್ದಳು. ಬೈದಿದ್ದರೇ ವಾಸಿ ಅನ್ನಿಸಿತು ಅವನಿಗೆ.

ಕೊಡೈಕಾನಲ್ ರಸ್ತೆ ಸೇರುವಲ್ಲಿ ಕಬ್ಬಿಣದ ಬೇಲಿ ಅಡ್ಡ ಎಳೆದಿದ್ದರು. ಹೊಟ್ಟೆ ಮುಂದಿಟ್ಟುಕೊಂಡು ಒಬ್ಬ ಹೆಡ್ ಕಾನ್‌ಸ್ಟೇಬಲ್ ಕೈ ತೋರಿಸಿದ. ಬಂಕಿನವರ ಫೋನು ಕಾರಿಗಿಂತ ಮುಂಚೆ ಬಂದು ತಲುಪಿತ್ತು.

"ಆಫ್ ಮಾಡು."

"ಏಟ್ಟಯ್ಯಾ, ಆಗಲ್ಲ," ಎಂದ ಬಾಲಮುರುಗನ್. ಹೆಡ್ ಕಾನ್‌ಸ್ಟೇಬಲ್ಲನ್ನು ಆ ಕಡೆ ಏಟ್ಟಯ್ಯ ಅನ್ನುತ್ತಾರೆ.

"ಸಾವಿ ತೋರ್ಸು."

"ಅಮ್ಮನ ಸುರುಕುಪೈಯಲ್ಲಿದೆ."

"ಅಮ್ಮ ಎಲ್ಲಿ?"

"ವ್ಯಾನಲ್ಲಿ."

"ವ್ಯಾನು ಎಲ್ಲಿ?"

"ಆಂಡಿಪಟ್ಟೀಲಿ, ಏಟ್ಟಯ್ಯಾ."

"ಅಮ್ಮ ಆ ದಾರೀಲಿ, ಕಾರು ಈ ದಾರೀಲಿ. ಯಾಕೆ?"

ಬಾಲಮುರುಗನ್ ನಿಜವನ್ನೇ ಹೇಳಿದ: "ಎಲೆ ಅಡಿಕೆ ಉಗಿಯಕ್ಕೆ ನಾನು ಕಿಟಕಿ ಇಳಿಸಲಿಲ್ಲ."

ಹೆಡ್ ಕಾನ್‌ಸ್ಟೇಬಲ್ ಪೂರ್ತಿ ಇಳಿದಿದ್ದ ನಾಲ್ಕು ಕಿಟಕಿಗಳನ್ನು ಒಂದೊಂದಾಗಿ ನೋಡಿದ. ಕಾಗದಪತ್ರ ಕೇಳಿದ. ಅವು ಕಂಬಮ್ಮಿನ ಬೀರುವಿನಲ್ಲಿದ್ದವು. ಫೋನಿನಲ್ಲಿ ತೋರಿಸಲು ಹೋದರೆ ಸಿಗ್ನಲ್ ಇರಲಿಲ್ಲ. ಅಭಿರಾಮಿ ಕೈಗಡಿಯಾರ ತೋರಿಸಿ, ಮಗುವಿನ ಕಿವಿ, ಮಾಮನ ಮಡಿಲು, ರಾಹುಕಾಲ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು. ಅದರಲ್ಲಿ ಅರ್ಧ ದುಃಖ, ಅರ್ಧ ಸಿಟ್ಟು.

ಹೆಡ್ ಕಾನ್‌ಸ್ಟೇಬಲ್ಲಿಗೂ ಅಕ್ಕತಂಗಿಯರಿದ್ದರು. ಅವನೂ ಎಲ್ಲೋ ಮಡಿಲು ಕೊಟ್ಟವನೇ. ಹಾಗಂತ ಕೆಲಸ ಬಿಡುವವನಲ್ಲ.

"ಅಮ್ಮಾ, ನೀವು ಹಿಂದೆ ಕೂತ್ಕೊಳ್ಳಿ," ಎಂದು ಮುಂದಿನ ಸೀಟಿಗೆ ತಾನೇ ಹತ್ತಿದ. "ನಡಿ ದಿಂಡುಕ್ಕಲ್‌ಗೆ. ಸಾವಿ ಕಣ್ಣಲ್ಲಿ ನೋಡೋ ತನಕ ನೀನು ಈ ಸೀಟು ಬಿಟ್ಟು ಇಳಿಯೋ ಹಾಗಿಲ್ಲ."

ವತ್ತಲಗುಂಡು ದಾಟಿತು. ಪೆಟ್ರೋಲಿನ ದೀಪ ಹಳದಿಯಾಗಿ ಉರಿಯತೊಡಗಿತು. ಬಾಲಮುರುಗನ್ ಉಸಿರನ್ನೂ ಅಳೆದು ಬಿಡುತ್ತಿದ್ದ. ಗೂಳಿಯೊಂದು ರಸ್ತೆಯ ನಡುವೆ ನಿಂತು ಸಾವಕಾಶವಾಗಿ ಯೋಚಿಸುತ್ತಿದ್ದಾಗ ಅವನು ಕೈ ಮುಗಿದ. ಹೆಡ್ ಕಾನ್‌ಸ್ಟೇಬಲ್ ಕಿಟಕಿಯಿಂದ ಸೀಟಿ ಊದಿದ. ಗೂಳಿ ಸರ್ಕಾರಕ್ಕೆ ಮಾತ್ರ ಬೆಲೆ ಕೊಟ್ಟು ಪಕ್ಕಕ್ಕೆ ಸರಿಯಿತು.

ದಿಂಡುಕ್ಕಲ್ ಅಂಚಿನಲ್ಲಿ ಸೇಕರ್ ಮನೆಯವರ ಕುಲದೇವತೆಯ ಸಣ್ಣ ಗುಡಿ. ಕಾರು ಓಣಿಗೆ ನುಗ್ಗಿದಾಗ ಮುತ್ತುಕುಮಾರ್ ಆಗಲೇ ಮಣೆಯ ಮೇಲೆ ಕಾಲು ಮಡಿಸಿ ಕೂತು ಮಡಿಲಿನ ಪಂಚೆ ಸರಿಮಾಡಿಕೊಳ್ಳುತ್ತಿದ್ದ. ಮಣಿಮೇಗಲೈ ಮಗುವನ್ನು ಎದೆಗವಚಿಕೊಂಡು "ಅಣ್ಣ ಬರ್ಲಿ, ಅಣ್ಣ ಬರ್ಲಿ" ಎಂದು ಅಳುತ್ತಿದ್ದಳು. ಸೇಕರ್ ಗಡಿಯಾರ ನೋಡುತ್ತಿದ್ದ.

ಎಲ್ಲರೂ ತಿರುಗಿದರು. ಹೊಸ ಕಾರು ಕಂಡಿತು. ಅದರ ಮುಂದಿನ ಸೀಟಿನಲ್ಲಿ ಪೊಲೀಸು ಕಂಡ.

"ಅಯ್ಯೋ, ಅಣ್ಣನ್ನ ಹಿಡ್ಕಂಡು ಬಂದವ್ರೆ!" ಮಣಿಮೇಗಲೈ ಚೀರಿದಳು.

"ನಂಗೆ ಆಗ್ಲೇ ಅನುಮಾನ ಇತ್ತು," ಎಂದ ಮುತ್ತುಕುಮಾರ್, ಮಣೆ ಬಿಡದೆ. "ಸಾವಿ ಇಲ್ದಿರೋ ಕಾರು ಯಾರು ಮಾರ್ತಾರೆ?"

"ಇಳಿ ಮಚ್ಚಾನ್, ಹೊತ್ತಾತು!" ಎಂದ ಸೇಕರ್.

"ಇಳಿಯೋ ಹಾಗಿಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್.

ಬಾಲಮುರುಗನ್ ಸ್ಟಿಯರಿಂಗ್ ಹಿಡಿದು ಕೂತೇ ಇದ್ದ. ಮಣೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅವನು ಕಿಟಕಿಯಿಂದ ತಲೆ ಹೊರಹಾಕಿದ. "ಮಾಪಿಳ್ಳೆ, ನನ್ ತಪ್ಪು," ಎಂದ. "ಈ ವಂಡಿಗೆ ಸಾವಿ ಐತೆ. ಅದು ಅವ್ವನ ಹತ್ರ ಐತೆ. ನಂಗೆ ಗೊತ್ತಿರ್ಲಿಲ್ಲ. ನಿನ್ ಅಂಗಡಿ ಮುಂದೆ ಬಾಯಿಗೆ ಬಂದಂಗೆ ಅಂದೆ. ಮಗೂನ ಮಾತ್ರ ಅವನ ಮಡ್ಲಲ್ಲಿ ಕೂರಿಸ್ಬ್ಯಾಡ."

ಕೀಲಿ ಇದೆ ಎಂಬ ಮಾತು ಕೇಳಿದ್ದೇ ಸೇಕರ್‌ನ ಮುಖದಲ್ಲಿ ಏನೋ ಕ್ಲಿಕ್ಕೆಂದು ತೆರೆಯಿತು. ತನ್ನ ಅಪ್ಪ ಅಜ್ಜಂದಿರು ಗೆದ್ದಂತೆ ಎದೆ ಸೆಟೆಸಿ ಪೂಜಾರಿಯ ಕಡೆ ತಿರುಗಿದ. "ಮಡ್ಲು ಎಲ್ಲಿದ್ರೇನು ಸಾಮಿ? ಮಡ್ಲು ಮಡ್ಲೇ ಅಲ್ವಾ?"

ಪೂಜಾರಿ ಯೋಚಿಸಿದ. "ಮಡ್ಲು ಎಲ್ಲಾದ್ರೂ ಇರ್ಲಿ. ಮಗು ಮುಖ ಪೂರ್ವಕ್ಕೆ ಇರ್ಬೇಕು."

ಕಾರು ಪಶ್ಚಿಮಕ್ಕೆ ಮುಖ ಮಾಡಿತ್ತು. ಓಣಿ ಕಾರಿಗಿಂತ ಸ್ವಲ್ಪವೇ ಅಗಲ. ಆ ಓಣಿಯಲ್ಲಿ, ಉರಿಯುವ ಹಳದಿ ದೀಪದ ಮುಂದೆ, ಬಾಲಮುರುಗನ್ ಕಾರು ತಿರುಗಿಸಿದ್ದನ್ನು ಇವತ್ತಿಗೂ ಆ ಬೀದಿಯವರು ಹೇಳುತ್ತಾರೆ. ಇಡೀ ನೆಂಟರ ಬಳಗ "ಬಾ ಬಾ ಬಾ" ಎಂದಿತು, "ಸಾಕು ಸಾಕು" ಎಂದಿತು, ಎರಡನ್ನೂ ಒಟ್ಟಿಗೇ ಎಂದಿತು. ಒಂದು ತುಳಸಿ ಕಟ್ಟೆಯ ಮೂಲೆ ಹೋಯಿತು. ಹೆಡ್ ಕಾನ್‌ಸ್ಟೇಬಲ್ ತಲೆ ಹೊರಹಾಕಿ ಸೀಟಿ ಊದುತ್ತಲೇ ಇದ್ದ. ಮುತ್ತುಕುಮಾರ್ ಒಬ್ಬನೇ ಮಣೆಯ ಮೇಲೆ ಕೂತು "ಇದೆಲ್ಲ ಶಾಸ್ತ್ರವಾ?" ಎಂದು ಕೇಳುತ್ತಿದ್ದ. ಅವನ ಮಾತು ಸೀಟಿಯಲ್ಲಿ ಮುಳುಗಿತು.

ಕಾರು ಪೂರ್ವಕ್ಕೆ ನಿಂತಿತು. ಇಂಜಿನ್ ಗುರುಗುಟ್ಟುತ್ತಲೇ ಇತ್ತು. ಸೀಟು ಹಿಂದಕ್ಕೆ ತಳ್ಳಿದರು. ಮಣಿಮೇಗಲೈ ಕಣ್ಣೊರೆಸಿಕೊಂಡು ಜನನಿಯನ್ನು ಕಿಟಕಿಯಿಂದ ಅಣ್ಣನ ಮಡಿಲಿಗೆ ಇಳಿಸಿದಳು. ಅಕ್ಕಸಾಲಿ ಅದೇ ಕಿಟಕಿಯಲ್ಲಿ ಸೊಂಟದವರೆಗೆ ತೂರಿದ. ಮಗು ಬಿಟ್ಟ ಕಣ್ಣು ಬಿಟ್ಟಂತೆಯೇ ಪೊಲೀಸಿನ ಟೋಪಿ ನೋಡುತ್ತಿದ್ದಾಗ ಎಡಗಿವಿ ಮುಗಿಯಿತು. ಬಲಗಿವಿಗೆ ಸೂಜಿ ತಾಗಿದಾಗ ಅವಳಿಗೆ ಸಮಾಚಾರ ತಿಳಿಯಿತು. ಕಿಟಾರನೆ ಕಿರುಚಿ ಎರಡೂ ಕೈ ಎತ್ತಿ ಎದುರಿಗೆ ಸಿಕ್ಕಿದ್ದಕ್ಕೆಲ್ಲ ಬಡಿದಳು.

ಸಿಕ್ಕಿದ್ದರಲ್ಲಿ ಗುಂಡಿಯೂ ಒಂದು. ಕಾರು ನಿಂತುಹೋಯಿತು.

ರಾಹುಕಾಲಕ್ಕೆ ಇನ್ನೂ ಚೂರು ಹೊತ್ತಿತ್ತು. ಎರಡು ಕಿವಿಯಲ್ಲೂ ಓಲೆ ಹೊಳೆಯುತ್ತಿತ್ತು. ಬಾಲಮುರುಗನ್ ಮಗುವಿನ ನೆತ್ತಿಗೆ ಮುತ್ತಿಟ್ಟು ಅತ್ತೇಬಿಟ್ಟ. ಮುತ್ತುಕುಮಾರ್ ಮಣೆಯಿಂದ ಎದ್ದು ಪಂಚೆ ಕೊಡವಿಕೊಂಡ.

"ಈಗ ಸ್ಟಾರ್ಟ್ ಮಾಡು," ಎಂದ ಹೆಡ್ ಕಾನ್‌ಸ್ಟೇಬಲ್.

ಬಾಲಮುರುಗನ್ ತೋರುಬೆರಳಲ್ಲಿ ಒತ್ತಿದ. ಹೆಬ್ಬೆರಳಲ್ಲಿ ಒತ್ತಿದ. ಬೆರಳನ್ನು ಪಂಚೆಗೆ ಒರೆಸಿಕೊಂಡು ಒತ್ತಿದ. ಕಾರು ಅವನನ್ನು ಹಿಂದೆಂದೂ ಕಂಡೇ ಇಲ್ಲವೆಂಬಂತೆ ತೆಪ್ಪಗಿತ್ತು. ಹೆಡ್ ಕಾನ್‌ಸ್ಟೇಬಲ್ ಅವನ ಹೆಗಲ ಮೇಲೆ ಕೈಯಿಟ್ಟ. ಅದು ನೆಂಟರು ಇಡುವ ಕೈಯಾಗಿರಲಿಲ್ಲ.

ಆಗ ಓಣಿಯ ಬಾಯಲ್ಲಿ ಸಿನಿಮಾ ಹಾಡು ಕೇಳಿಸಿತು. ವ್ಯಾನು ನಿಂತಿತು. ನಿದ್ದೆಯಿಂದೆದ್ದ ಕರುಪ್ಪಾಯಿ ಕೆಂಪು ಬಾಯಲ್ಲಿ ಇಳಿದು, ಯಾರನ್ನೂ ಏನೂ ಕೇಳದೆ, ಜನರನ್ನು ಮೊಣಕೈಯಲ್ಲಿ ಸರಿಸುತ್ತ ಬಂದು ಕಾರಿನೊಳಗೆ ತಲೆಯಿಟ್ಟಳು. "ಎಲ್ಲಿ ನನ್ ರಾಸಾತಿ? ಕಿವಿ ನೋಡಾನ ಬಾ!"

"ಒತ್ತಿ," ಎಂದಳು ಅಭಿರಾಮಿ ಹಿಂದಿನಿಂದ.

ಬಾಲಮುರುಗನ್ ಒತ್ತಿದ. ಕಾರು ತಟಕ್ಕನೆ ಎದ್ದಿತು.

ಓಣಿಗೆ ಓಣಿಯೇ ಚಪ್ಪಾಳೆ ತಟ್ಟಿತು. ಕರುಪ್ಪಾಯಿ ಸುರುಕುಪೈಯ ದಾರ ಸಡಿಲಿಸಿ ತೋರಿಸಿದಾಗ ಎಲೆ ಅಡಿಕೆಯ ನಡುವೆ, ಮೈತುಂಬ ಸುಣ್ಣ ಮೆತ್ತಿಕೊಂಡ ಕಪ್ಪು ಸಾಮಾನು ಕಂಡಿತು. ಹೆಡ್ ಕಾನ್‌ಸ್ಟೇಬಲ್ ನೋಡಿ ತೃಪ್ತನಾಗಿ ಊಟದ ಪಂಕ್ತಿ ಎಲ್ಲಿ ಎಂದು ವಿಚಾರಿಸಿದ. ಸೇಕರ್ ಎಲ್ಲರಿಗೂ ಕೇಳುವಂತೆ, "ಸಾವಿ ಇಲ್ದೆ ಯಾವ್ದೂ ಇಲ್ಲ ಮಚ್ಚಾನ್," ಎಂದು, ತಾನೇ ಮಾಲೆ ತಂದು ಬಾಲಮುರುಗನ್ ಕೊರಳಿಗೆ ಹಾಕಿದ.

ಊಟವಾಗಿ, ಸೇಕರ್ ತರಿಸಿಕೊಟ್ಟ ಪೆಟ್ರೋಲು ಹೊಟ್ಟೆಗೆ ಬಿದ್ದು, ಊರಿಗೆ ಹೊರಡುವ ಹೊತ್ತಿಗೆ ಕರುಪ್ಪಾಯಿಗೆ ಬೆಳಗಿನ ಕಥೆಯೆಲ್ಲ ಸೊಸೆಯಿಂದ ತಿಳಿದಿತ್ತು. ಬಾಲಮುರುಗನ್ ಕಾರಿನ ಪಕ್ಕ ನಿಂತು ಕೈ ಚಾಚಿದ.

"ಅವ್ವಾ, ಆ ಸಾಮಾನು ಕೊಡು."

ಕರುಪ್ಪಾಯಿ ಅವನ ಕೈ ನೋಡಿದಳು. "ಇದು ಇಲ್ದೆ ವಂಡಿ ಓಡಲ್ವಾ?"

"ಓಡಲ್ಲ."

"ಅಂದ್ರೆ, ನಾ ಇಲ್ದೆ ಓಡಲ್ಲ?"

ಬಾಲಮುರುಗನ್ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಅಭಿರಾಮಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಕರುಪ್ಪಾಯಿ ಸುರುಕುಪೈಯ ದಾರ ಬಿಗಿಯಾಗಿ ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ಮುಂದಿನ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಒಂದು ಎಲೆ ತೆಗೆದು ನಿಧಾನವಾಗಿ ಸುಣ್ಣ ಹಚ್ಚಿದಳು.

"ಪೆರಿಯಕುಳದಲ್ಲಿ ನನ್ ತಂಗಿ ಮನೆ ಐತೆ, ಅಲ್ಲಿ ನಿಲ್ಸು," ಎಂದಳು. "ನಾಳಿಕ್ಕೆ ಬೋಡಿಮೆಟ್ಟಿಗೆ ಓಗಾನ, ಏಲಕ್ಕಿ ತೋಟದಲ್ಲಿ ನಮ್ ಮಾವನ ಮಗಳು ಐತೆ. ಈಗ ಕಿಟಕಿ ಇಳ್ಸು."

ಬಾಲಮುರುಗನ್ ಕಿಟಕಿ ಇಳಿಸಿದ.